ಕಿಟಕಿ ಬೆವೆತ ಚಳಿಗಾಲ

ಮೊದಲು ಬಂದದ್ದು ಕೆಮ್ಮಲ್ಲ, ಜ್ವರವೂ ಅಲ್ಲ. ಒಂದು ಶಬ್ದ.

ಬೆಳಗಿನ ಜಾವ. ಕೂಸು ಹಾಲು ಕುಡಿಯುತ್ತಿತ್ತು. ಎಲ್ಲೋ ಸಣ್ಣಗೆ ಪೀಪಿ ಊದಿದ ಹಾಗೆ ಕೇಳಿಸಿತು. ಉಸಿರು ಒಳಗೆ ಹೋಗುವಾಗ ಇಲ್ಲ, ಹೊರಗೆ ಬರುವಾಗ ಇದೆ. ಕೂಸಿನ ಎದೆ ಸಿಳ್ಳು ಹಾಕುತ್ತಿದೆ ಎಂದುಕೊಂಡೆ. ಅವ್ವನನ್ನು ಎಬ್ಬಿಸಿದೆ. ಅವ್ವ ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಅದರ ಎದೆಗೆ ಕಿವಿ ಕೊಟ್ಟಳು. ಕೂಸು ಈಗ ನನ್ನಿಂದ ಒಂದು ಮಾರು ದೂರ ಇತ್ತು. ಶಬ್ದ ಮಾತ್ರ ನನ್ನ ಹತ್ತಿರವೇ ಉಳಿದಿತ್ತು.

ಸಿಳ್ಳು ನನ್ನ ಎದೆಯದು.

ಕೂಸಿನದಲ್ಲವಲ್ಲ ಎಂದು ಅಂದು ಸಮಾಧಾನವೇ ಆಯಿತು. ಅವ್ವ ಕೆಂಡದ ಶೆಗಡಿಗೆ ಇನ್ನೊಂದು ಹಿಡಿ ಇದ್ದಲಿ ಹಾಕಿದಳು. ಕಂಬಳಿಯನ್ನು ಕುತ್ತಿಗೆಯ ತನಕ ಎಳೆದು ಹೊದಿಸಿದಳು. ಮಲಗಿದೆ.

ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತವರು ಇಂಡಿ ತಾಲೂಕಿನ ತಾಂಬಾ. ಅಪ್ಪ ಕುರಿ ಕಾಯ್ದವನು, ಅವನಪ್ಪನೂ ಅದೇ. ನಮ್ಮ ಮನೆತನದಲ್ಲಿ ಗಂಡಸರಿರಲಿ ಹೆಂಗಸರಿರಲಿ, ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದುಕೊಂಡವಳು ನಾನೊಬ್ಬಳೇ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಿಜಾಪುರದ ಹಾಸ್ಟೆಲಿನಲ್ಲಿ ಒಂದೇ ಕಂಬಳಿಯನ್ನು ಅರ್ಧ ಹಾಸಿ ಅರ್ಧ ಹೊದ್ದು ಓದಿದವಳು ನಾನು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ನೌಕರಿ ಸಿಕ್ಕಿತು. ಮದುವೆ ಆಮೇಲೆ. ನಮ್ಮವರು ಮುದ್ದೇಬಿಹಾಳದ ಕೋರ್ಟಿನಲ್ಲಿ ಗುಮಾಸ್ತರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾರೆ.

ಮನೆ ಬಾಡಿಗೆಯದು. ಹೊಸ ಆರ್.ಸಿ.ಸಿ. ಮನೆ. ಮಾಲಕರು ಮಳೆಗಾಲದಲ್ಲಿ ಗಿಲಾವು ಮುಗಿಸಿ, ಸುಣ್ಣ ಬಳಿದು, ಗೋಡೆ ಪೂರ್ತಿ ಆರುವ ಮೊದಲೇ ಕೀಲಿಕೈ ಕೊಟ್ಟಿದ್ದರು. ನಾನು ಆ ಮನೆ ಹಿಡಿದದ್ದು ಕಿಟಕಿಗಳಿಗಾಗಿ. ತಾಂಬಾದ ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಮಳೆ ಬಂದರೆ ಅದಕ್ಕೊಂದು ಗಡಿಗೆ ಬೋರಲು ಹಾಕುತ್ತಿದ್ದರು. ಆ ಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ನೆಲದ ಮೇಲೆ ಸರಿದ ಹಾಗೆಲ್ಲ ಪುಸ್ತಕ ಹಿಡಿದು ನಾನೂ ಸರಿಯುತ್ತಿದ್ದೆ. ಬಾಗೇವಾಡಿಯ ಮನೆಯ ಒಳಕೋಣೆಯಲ್ಲಿ ಬಾಗಿಲಿನಷ್ಟು ಅಗಲದ ಕಿಟಕಿ, ಅದರ ತುಂಬ ಗಾಜು. ಮನೆ ನೋಡಲು ಹೋದ ದಿನ ಅದರ ಮುಂದೆ ಸುಮ್ಮನೆ ನಿಂತೆ. ಇಲ್ಲಿ ಸರಿಯಬೇಕಾಗಿಲ್ಲ ಎನ್ನಿಸಿತು.

ನಮ್ಮಲ್ಲಿ ಚೊಚ್ಚಿಲ ಬಾಣಂತನ ತವರಿನಲ್ಲಿ. ನಾನು ಬಾಗೇವಾಡಿಯಲ್ಲೇ ಹಡೆಯುತ್ತೇನೆ ಎಂದೆ. ದವಾಖಾನೆ ಹತ್ತಿರ, ಮನೆ ನನ್ನದು. ಅವ್ವ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಕಂಬಳಿ, ಕೌದಿ, ಶೆಗಡಿ, ಒಣಕೊಬ್ಬರಿ, ಅಂಟು, ಅಜವಾನ. ತವರೇ ಬಸ್ಸಿಳಿದು ಬಂದ ಹಾಗಿತ್ತು.

ಹೆಣ್ಣು ಕೂಸು. ಹೆರಿಗೆ ಸಲೀಸಾಯಿತು. ಮನೆಗೆ ಬಂದ ದಿನವೇ ಅವ್ವ ಒಳಕೋಣೆಯನ್ನು ಬಾಣಂತಿ ಕೋಣೆ ಮಾಡಿದಳು. ಹೊರಸನ್ನು ಗೋಡೆಗೆ ಒತ್ತಿ ಹಾಕಿದಳು. ಅದರ ಕೆಳಗೆ ಶೆಗಡಿ. ಕಿಟಕಿಯ ಚೌಕಟ್ಟಿನ ಸಂದಿಗಳಿಗೆಲ್ಲ ಹಳೇ ಸೀರೆ ಹರಿದು ತುರುಕಿದಳು. ಬಾಗಿಲ ಕೆಳಗೆ ಗೋಣಿತಟ್ಟು. ಕೂಸಿನ ಅರಿವೆಗಳನ್ನು ಹೊರಗೆ ಒಣಗಹಾಕಿದರೆ ದೃಷ್ಟಿಯಾಗುತ್ತದೆಂದು ಕೋಣೆಯೊಳಗೇ ಹಗ್ಗ ಕಟ್ಟಿದಳು. ನನಗೆ ಎರೆಯುವ ನೀರು ಕೋಣೆಯ ಮೂಲೆಯಲ್ಲೇ ಕಾಯುತ್ತಿತ್ತು. ಕಾದ ನೀರನ್ನು ಅಂಗಳ ದಾಟಿಸಿ ತಂದರೆ ಗಾಳಿ ಮುಟ್ಟಿದ ನೀರಾಗುತ್ತದಂತೆ. ಸಂಜೆ ಕೆಂಡಕ್ಕೆ ಅಜವಾನ ಉದುರಿಸಿ ಹೊಗೆ ಹಾಕುತ್ತಿದ್ದಳು. ತಲೆಗೆ ಕಟ್ಟು, ಕಿವಿಗೆ ಅರಳೆ. ಅವ್ವ ತನ್ನ ನಾಲ್ಕು ಬಾಣಂತನಗಳನ್ನು ಹೀಗೇ ಕಳೆದಿದ್ದಳು. ನಾನು ಹುಟ್ಟಿದ್ದೂ ಇಂಥ ಕೋಣೆಯಲ್ಲೇ.

ಎರಡನೆಯ ದಿನವೋ ಮೂರನೆಯ ದಿನವೋ ಬೆಳಿಗ್ಗೆ ಅವ್ವ ಕಿಟಕಿಯ ಮುಂದೆ ನಿಂತಳು. ಗಾಜಿನ ಒಳಮೈಯೆಲ್ಲ ನೀರು. ಹನಿ ಕೂಡಿ ಕೂಡಿ ಗೆರೆಯಾಗಿ ಕೆಳಗೆ ಇಳಿಯುತ್ತಿತ್ತು. ಅವ್ವನ ಆಯುಷ್ಯದಲ್ಲಿ ಗಾಜಿನ ಕಿಟಕಿಯ ಮನೆಯಲ್ಲಿ ಚಳಿಗಾಲ ಕಳೆದದ್ದು ಅದೇ ಮೊದಲು. ಅಂಗೈಯಿಂದ ಗಾಜು ಸವರಿ, ತೇವವಾದ ಕೈಯನ್ನು ನನಗೆ ತೋರಿಸಿದಳು.

"ಖಿಡಕಿ ಸೈತ ಬೆವತೈತಿ. ಇನ್ನ ಚಿಂತಿಲ್ಲ ಬಿಡು."

ಬಾಣಂತಿ ಬೆವರಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಬೆವರಿದರೆ ಮೈಯ ನಂಜು ಇಳಿಯುತ್ತದೆ. ಕಿಟಕಿಯೇ ಬೆವೆತ ಮೇಲೆ ಕೋಣೆ ಎಷ್ಟು ಬೆಚ್ಚಗಿರಬೇಡ? ಅಂದಿನಿಂದ ಗಾಜೇ ಅವ್ವನಿಗೆ ಅಳತೆಗೋಲಾಯಿತು. ಬೆಳಗೆದ್ದು ಮೊದಲು ಗಾಜು ಮುಟ್ಟುವಳು. ಒದ್ದೆ ಇದ್ದರೆ ಮುಖ ಅರಳುತ್ತಿತ್ತು. ಒಂದು ದಿನ ನೀರು ಕಡಿಮೆ ಕಂಡರೆ ಶೆಗಡಿಗೆ ಇದ್ದಲಿ ಹೆಚ್ಚು ಬೀಳುತ್ತಿತ್ತು, ಹಂಡೆ ಇನ್ನಷ್ಟು ಹೊತ್ತು ಕುದಿಯುತ್ತಿತ್ತು. ನಾನು ನೋಡುತ್ತ ಮಲಗಿರುತ್ತಿದ್ದೆ. ಸರಿ ತಪ್ಪು ಏನೂ ಅನ್ನಿಸುತ್ತಿರಲಿಲ್ಲ. ಹಡೆದ ಮೈಗೆ ನಿದ್ದೆ ಬೇಕಿತ್ತು.

ಸಿಳ್ಳು ಹೆಚ್ಚಾಯಿತು. ಆಮೇಲೆ ಕೆಮ್ಮು. ಆಮೇಲೆ ಮಲಗಲು ಆಗದಾಯಿತು. ಗೋಡೆಗೆ ಒರಗಿ ಕೂತು, ಮೊಣಕಾಲ ಮೇಲೆ ದಿಂಬಿಟ್ಟು, ಅದರ ಮೇಲೆ ತಲೆ ಇಟ್ಟು ಬೆಳಗು ಮಾಡುತ್ತಿದ್ದೆ. ಉಸಿರು ಎಳೆದುಕೊಳ್ಳುವುದು ಕಷ್ಟವಾಗಿರಲಿಲ್ಲ. ಎಳೆದುಕೊಂಡದ್ದನ್ನು ಬಿಡುವುದು ಕಷ್ಟವಾಗಿತ್ತು. ಎದೆ ತುಂಬಿಯೇ ಇದೆ, ಮೇಲೆ ಇನ್ನಷ್ಟು ತುಂಬಬೇಕು. ತೂಕ ಇಳಿಯಿತು. ಹೊಸ ಬಾಣಂತಿಗೆ ಗಲ್ಲ ಬರಬೇಕು, ನನಗೆ ಮೂಳೆ ಬಂತು.

ಬಾಗೇವಾಡಿಯ ಡಾಕ್ಟರು ಮನೆಗೇ ಬಂದರು. ಒಳ್ಳೆಯ ಮನುಷ್ಯ. ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಸಂಜೆ ಜ್ವರ ಬರುತ್ತದೆಯೇ ಎಂದು ವಿಚಾರಿಸಿದರು. ಮೈ ಬಿಸಿ ಆಗುತ್ತದೆ ಎಂದೆ. ಶೆಗಡಿಯ ಮೇಲೆ ಮಲಗಿದವರ ಮೈ ಬಿಸಿಯಾಗದೆ ಏನಾಗುತ್ತದೆ? ಆದರೆ ಅದು ಆಗ ಹೊಳೆಯಲಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿದರು. ಅವ್ವ ಇಲ್ಲವೆಂದಳು. ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆ ಹೇಳಿದರು.

"ವಿಜಾಪುರಕ್ಕ ಹೋಗಿ ಎಕ್ಸ್-ರೇ ತಗಸ್ರಿ ಬಾಯಾರ. ಅಲ್ಲೀತನಕ ಕೂಸಿಗೆ ನಿಮ್ಮ ಹಾಲು ಬ್ಯಾಡ. ಕೂಸು ಈ ಖೋಲ್ಯಾಗೂ ಬ್ಯಾಡ."

ನಾನು ಕೂಸನ್ನು ನೋಡಲಿಲ್ಲ. ಚೀಟಿ ನೋಡಿದೆ. ಅಕ್ಷರ ಚೆನ್ನಾಗಿದ್ದವು.

ನಮ್ಮವರ ಊರು ಮಸೂತಿಯಿಂದ ಅತ್ತೆ ಬಂದರು. ಮಸೂತಿ ದೂರವಲ್ಲ, ಸುದ್ದಿ ಮುಟ್ಟಿದ ಮಧ್ಯಾಹ್ನವೇ ಬಾಗಿಲಲ್ಲಿ ನಿಂತಿದ್ದರು. ಗಟ್ಟಿ ಹೆಂಗಸು. ಮಾತು ಇನ್ನೂ ಗಟ್ಟಿ. ಕೋಣೆಯ ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ನನ್ನನ್ನು ಒಮ್ಮೆ ನೋಡಿದರು.

"ಸಾಲ್ಯಾಗ ಖಡು ತಿಂದು ತಿಂದು ಎದಿ ಸುಣ್ಣಾಗೇತಿ ನಿಂದು," ಎಂದರು. ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣಕ್ಕೆ ನಮ್ಮಲ್ಲಿ ಖಡು ಎನ್ನುತ್ತಾರೆ.

ಅವ್ವ ಕೂಸನ್ನು ಕೌದಿಯಲ್ಲಿ ಸುತ್ತಿ ಕೊಟ್ಟಳು. ಕೊಡುವಾಗ, ಆಡಿನ ಹಾಲಿಗೆ ನೀರು ಬೆರೆಸಿರಿ ಬೀಗತಿ, ಬರೀ ಹಾಲು ಕೂಸು ತಡೆಯುವುದಿಲ್ಲ ಎಂದಳು.

"ನಾ ಐದ ಹಡದೇನ್ರಿ," ಎಂದರು ಅತ್ತೆ. "ಹಾಲು ಯಾವುದು ನೀರು ಯಾವುದು ಅನ್ನೋದು ತಾಂಬಾದವರು ನನಗ ಕಲಸೂದು ಬ್ಯಾಡ."

ಕೂಸು ನಿದ್ದೆಯಲ್ಲಿತ್ತು. ಬಾಗಿಲು ಮುಚ್ಚಿತು. ಗೋಣಿತಟ್ಟು ಮತ್ತೆ ಬಾಗಿಲ ಸಂದಿಗೆ ಬಂತು.

ಅಳು ಬರಲಿಲ್ಲ. ಬರಲಿ ಎಂದು ಕಾದೆ. ಓದಿದವಳು ಗಟ್ಟಿ ಎಂದು ನೆರೆಯವರು ಅಂದರಂತೆ. ಅದು ಗಟ್ಟಿತನ ಅಲ್ಲ. ಒಂದೇ ಕಡೆ ಕಾಲು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಯಾರದೋ ಕಾಲು ಮುಟ್ಟಿದ ಹಾಗೆ ಆಗುತ್ತದಲ್ಲ, ನಾನು ಇಡಿಯಾಗಿ ಹಾಗಾಗಿದ್ದೆ. ಹೊತ್ತಿಗೆ ಸರಿಯಾಗಿ ಎದೆ ಮಾತ್ರ ಬಿಗಿಯುತ್ತಿತ್ತು, ಕುಪ್ಪಸ ಒದ್ದೆಯಾಗುತ್ತಿತ್ತು. ಅವ್ವ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಇರುವೆ ಮುಟ್ಟಬಾರದೆಂದು ಹಿತ್ತಲಿನ ಎಕ್ಕೆಯ ಗಿಡದ ಬುಡಕ್ಕೆ ಹಾಕಿ ಬರುತ್ತಿದ್ದಳು. ಬಟ್ಟಲು ದಿನದಿಂದ ದಿನಕ್ಕೆ ಹಗುರಾಯಿತು. ಒಂದು ದಿನ ಅವ್ವ ಬಟ್ಟಲು ತರಲಿಲ್ಲ. ನಾನು ಕೇಳಲೂ ಇಲ್ಲ.

ವಿಜಾಪುರದಲ್ಲಿ ಎಕ್ಸ್-ರೇ ತೆಗೆದರು. ಮೂರು ಬೆಳಿಗ್ಗೆ ಸ್ಪ್ಯೂಟಮ್, ಅಂದರೆ ಕಫದ ಪರೀಕ್ಷೆ ಆಗಬೇಕು ಎಂದು ವಾರ್ಡಿನಲ್ಲಿ ಇಟ್ಟುಕೊಂಡರು. ಕಲ್ಲಿನ ಕಟ್ಟಡ, ಎತ್ತರದ ಸೂರು, ಎರಡೂ ಬದಿಗೆ ಸಾಲು ಕಿಟಕಿ. ಅರ್ಧ ಕಿಟಕಿಗಳಿಗೆ ಕದ ಇರಲಿಲ್ಲ, ಇದ್ದವನ್ನು ಯಾರೂ ಮುಚ್ಚುತ್ತಿರಲಿಲ್ಲ. ಬೆಳಗಿನ ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋಗುತ್ತಿತ್ತು. ಅವ್ವ ನನ್ನ ಮೈಗೆ ಕಂಬಳಿ, ಅದರ ಮೇಲೆ ಕೌದಿ, ಅದರ ಮೇಲೆ ತನ್ನ ಸೆರಗು ಹಾಕಿ ಕೂತಳು. ಸಿಸ್ಟರ್ ಬಂದು, ಮುದುಕಿ, ಮಗಳನ್ನು ಮೂಟೆ ಕಟ್ಟಿ ಎಲ್ಲಿಗೆ ಕಳಿಸುತ್ತಿ ಎಂದು ನಕ್ಕಳು. ಅವ್ವ ನಗಲಿಲ್ಲ. ಹಸಿ ಬಾಣಂತಿಯನ್ನು ಬಯಲಿಗೆ ಹಾಕಿ ಕೊಲ್ಲುವ ದವಾಖಾನೆ ಇದು ಎಂದು ನನ್ನ ಕಿವಿಯಲ್ಲಿ ಅಂದಳು.

ಆ ವಾರ್ಡಿನಲ್ಲಿ ನಾನು ಮಲಗಿದೆ. ನಿಜವಾಗಿ, ಬೆನ್ನು ಹಾಸಿ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡು ಕಪ್ಪು ರೆಕ್ಕೆ, ನಡುವೆ ಬಿಳಿ ಪಕ್ಕೆಲುಬು. "ಲಂಗ್ಸ್ ಕ್ಲಿಯರ್," ಎಂದರು. ಸ್ಪ್ಯೂಟಮ್ ನೆಗೆಟಿವ್. ಟೀಬಿ ಇಲ್ಲ. ಅವ್ವ ಅಲ್ಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನನಗೆ ಸಂತೋಷ ಆಗಬೇಕಿತ್ತು. ಆಗಿದೆಯೇ ಎಂದು ಒಳಗೆ ಹುಡುಕಿದೆ.

ಮನೆಗೆ ಬಂದೆವು. ಶನಿವಾರ ನಮ್ಮವರು ಮಸೂತಿಗೆ ಹೋಗಿ ಕೂಸನ್ನು ತರುವುದೆಂದಾಯಿತು. ಅವ್ವ ಹಂಡೆ ಹೂಡಿದಳು, ಶೆಗಡಿ ಹೊತ್ತಿಸಿದಳು, ಚಿಂದಿಗಳನ್ನು ಮತ್ತೆ ಒತ್ತಿದಳು. ಕೂಸು ಬರುವ ಮನೆ ತಣ್ಣಗಿರಬಾರದು.

ಮರುದಿನ ಬೆಳಗಿನ ಜಾವ ಪೀಪಿ ಮತ್ತೆ ಊದಿತು.

ನಮ್ಮವರು ಮಸೂತಿಯಿಂದ ಬರಿಗೈಯಲ್ಲಿ ಬಂದರು. ಅವ್ವನ ಮುಂದೆ ಹೇಳಲು ಹಿಂಜರಿದು, ಆಮೇಲೆ ತಮ್ಮ ತಾಯಿಯ ಮಾತನ್ನು ಇದ್ದ ಹಾಗೇ ಹೇಳಿದರು: "ಫೋಟೋದಾಗ ಇಲ್ಲಂದ್ರ ಎದಿಯಾಗ ಇಲ್ಲಂತ ಆತೇನು? ಸಿಳ್ಳು ನಿಂದರಲಿ. ನಿಂತ ದಿನ ನಾನ ತಂದು ಉಡ್ಯಾಗ ಹಾಕ್ತೇನಿ."

ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಆದರೆ ಲೆಕ್ಕ ಈಗ ಸರಳವಾಗಿತ್ತು. ಸಿಳ್ಳು ನಿಲ್ಲದೆ ಕೂಸು ಬರುವುದಿಲ್ಲ.

ಬಾಗೇವಾಡಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಎಫೆಡ್ರಿನ್ ಗುಳಿಗೆ ಬರೆದರು. ಬ್ರಾಂಕಿಯಲ್ ಆಸ್ತಮಾ ಎಂದರು. ನಮ್ಮ ಮಾತಿನಲ್ಲಿ ದಮ್ಮು. ಯಾವುದೋ ಒಂದು ನಿಮಗೆ ಆಗಿಬರುತ್ತಿಲ್ಲ, ಅಲರ್ಜಿ, ಯಾವುದೆಂದು ನಾನು ಹೇಳಲಾರೆ ಎಂದರು. ವಿಜಾಪುರದಲ್ಲಿ ಸಿಳ್ಳು ಇರಲಿಲ್ಲ ಎಂದೆ. ಅವರು ಗುಳಿಗೆ ಕಟ್ಟುವ ಕೈ ನಿಲ್ಲಿಸಿ, "ಅಲ್ಲಿ ಇರಲಿಲ್ಲೇನು?" ಎಂದು ಮತ್ತೊಮ್ಮೆ ಕೇಳಿದರು. ಅಷ್ಟೇ. ಹೊರಗೆ ಬಹಳ ಮಂದಿ ಕಾಯುತ್ತಿದ್ದರು.

ಮನೆಗೆ ಬಂದು ಹೊರಸಿನ ಮೇಲೆ ಕೂತೆ. ಎದುರಿಗೆ ಕಿಟಕಿ. ತಲೆ ಮೆಲ್ಲಗೆ, ತುಕ್ಕು ಹಿಡಿದ ರಾಟೆಯ ಹಾಗೆ ತಿರುಗಿತು. ಅಲ್ಲಿಯೂ ಇದೇ ಅವ್ವ, ಇದೇ ಕಂಬಳಿ, ಇದೇ ಅಂಟಿನ ಉಂಡೆ, ಇದೇ ಎದೆ. ಚಳಿ ಅಲ್ಲಿ ಹೆಚ್ಚೇ ಇತ್ತು. ಹಾಗಾದರೆ ಚಳಿ ಅಲ್ಲ. ಗಾಳಿ ಅಲ್ಲಿ ಹೆಚ್ಚು ಇತ್ತು. ಹಾಗಾದರೆ ಗಾಳಿಯೂ ಅಲ್ಲ. ಅಲ್ಲಿ ಇಲ್ಲದ್ದು, ಇಲ್ಲಿ ಇರುವುದು ಯಾವುದು?

ಗಾಜಿನ ಮೇಲಿಂದ ಒಂದು ಹನಿ ಜಾರಿ ಕೆಳಗಿನ ಚಿಂದಿಯೊಳಗೆ ಇಂಗಿತು. ಚಿಂದಿ ಅವ್ವನ ಹಳೇ ಹಸಿರು ಸೀರೆಯದು. ಈಗ ಅದರಲ್ಲಿ ಹಸಿರು ಇರಲಿಲ್ಲ, ಕಪ್ಪಗಾಗಿತ್ತು.

ಎದ್ದೆ. ಹಿತ್ತಲಲ್ಲಿ ಇರುಳೆಲ್ಲ ಇದ್ದ ಹಿತ್ತಾಳೆ ತಂಬಿಗೆಯಲ್ಲಿ ತಣ್ಣೀರಿತ್ತು. ಹೊರಮೈಯನ್ನು ಸೆರಗಿನಿಂದ ಒರೆಸಿ ಒಣಗಿಸಿ ಕೋಣೆಗೆ ತಂದಿಟ್ಟೆ. ನೋಡನೋಡುತ್ತ ತಂಬಿಗೆಯ ಮೈ ಮಂಜಾಯಿತು, ಆಮೇಲೆ ಹನಿ ಕಟ್ಟಿತು. ಎಂಟನೆಯ ತರಗತಿಯಲ್ಲಿ ವರ್ಷಾ ವರ್ಷ ಇದನ್ನೇ ಮಾಡಿ ತೋರಿಸುತ್ತೇನೆ. ಈ ನೀರು ತಂಬಿಗೆಯ ಒಳಗಿನದಲ್ಲ, ಗಾಳಿಯೊಳಗಿನದು ಎಂದು ಹುಡುಗಿಯರ ಬಾಯಲ್ಲಿ ಹೇಳಿಸುತ್ತೇನೆ.

ಗಾಜು ಬೆವೆತದ್ದು ಬೆಚ್ಚಗಾಗಿ ಅಲ್ಲ, ತಣ್ಣಗಿದ್ದುದರಿಂದ. ಹಂಡೆಯ ಹಬೆ, ಹಗ್ಗದ ಮೇಲಿನ ಒದ್ದೆ ಅರಿವೆ, ಹಸಿ ಗಿಲಾವು, ನಮ್ಮ ಉಸಿರು ಎಲ್ಲ ಈ ಕೋಣೆಯಲ್ಲೇ ಸುತ್ತುತ್ತಿತ್ತು. ಅದಕ್ಕೆ ಹೋಗಲು ದಾರಿ ಇರಲಿಲ್ಲ. ತಣ್ಣಗಿನ ಗಾಜು ಸಿಕ್ಕಲ್ಲಿ, ತಣ್ಣಗಿನ ಗೋಡೆ ಸಿಕ್ಕಲ್ಲಿ ಇಳಿಯುತ್ತಿತ್ತು.

ಹೊರಸನ್ನು ಎಳೆದೆ. ದಮ್ಮು ಹತ್ತಿತು. ನಿಂತು, ಮತ್ತೆ ಎಳೆದೆ.

ನಾನು ತಲೆ ಒರಗಿಸಿ ಮಲಗುತ್ತಿದ್ದ ಗೋಡೆ ನೆಲದಿಂದ ಸೊಂಟದ ತನಕ ಕಪ್ಪು. ಬೂಸ್ಟು. ಕುರಿಮರಿಯ ಮೈಯ ಹಾಗೆ ಸಣ್ಣ ತುಪ್ಪಳ. ಅದರ ಮೇಲೆ, ಮೊಳೆಗೆ ನೇತುಹಾಕಿದ್ದ ನನ್ನ ಪದವಿಯ ಫೋಟೋ. ಬಾಡಿಗೆಯ ಕರಿ ನಿಲುವಂಗಿ, ಕೈಯಲ್ಲಿ ಸುರುಳಿ. ಅವ್ವ ದಿನಾ ಅದರ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು, ಮಂಜು ಹೋಗುತ್ತಿರಲಿಲ್ಲ. ಮಂಜು ಗಾಜಿನ ಒಳಬದಿಗಿತ್ತು. ನನ್ನ ಗಲ್ಲದ ಮೇಲೆ ಕಂದು ಚುಕ್ಕೆ ಬಿದ್ದಿದ್ದವು.

"ಯವ್ವಾ," ಎಂದೆ. "ಖಿಡಕಿ ತೆಗಿ."

ಅವ್ವ ಗೋಡೆ ನೋಡಿದಳು. ನನ್ನನ್ನು ನೋಡಿದಳು.

"ತೆಗ್ಯಾಂಗಿಲ್ಲ."

ಈ ತೇವಕ್ಕೆ ಬೂಸ್ಟು, ಆ ಬೂಸ್ಟಿಗೆ ನನ್ನ ದಮ್ಮು ಎಂದು ವಿವರಿಸಿದೆ. ತಂಬಿಗೆ ತೋರಿಸಿದೆ. ಗೋಡೆಗೆ ಸುಣ್ಣ ಬಳಿದರಾಯಿತು ಎಂದಳು. ಬಾಣಂತನದ ದಿನ ತುಂಬಲಿ, ಆಮೇಲೆ ಮನೆ ಕೆಡವಿ ಬಯಲು ಮಾಡಿಕೋ, ಈಗ ಕಿಟಕಿ ಮುಟ್ಟಿದರೆ ನಾನು ತಾಂಬಾಕ್ಕೆ ಹೋಗುತ್ತೇನೆ ಎಂದಳು. ನನ್ನ ಮಾತು ಗಟ್ಟಿಯಾಯಿತು. ಉಸಿರು ಸಾಲದೆ ನಡುವೆ ತುಂಡಾಯಿತು. ಅವ್ವ ನೆಲದ ಮೇಲೆ ಕೂತಳು.

"ನನ್ನ ತಂಗಿ ಕುರಿ ಹಟ್ಟ್ಯಾಗ ಹಡದ್ಲು," ಎಂದಳು. "ಬಯಲು. ಇಂಥಾದ ಚಳಿ ದಿನ. ಮರಿಗೊಳಿಗೆ ಹೊಚ್ಚೂ ಕಂಬಳಿ ಅಕಿಗೆ ಹೊಚ್ಚಿದ್ವಿ. ಹಲ್ಲು ಕಟಕಟ ಅಂತ ಕಡೀತಿದ್ಲು. ಮುಂಜಾನಿ ಆ ಸಪ್ಪಳ ನಿಂತಿತು. ನಾ ಬಾಜೂಕ ಕುಂತಿದ್ದೆ. ನೀ ನನಗ ಖಿಡಕಿ ತೆಗಿ ಅಂತಿ."

ಆ ಚಿಕ್ಕಮ್ಮ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಅವ್ವ ಸಂದಿಗೆ ಚಿಂದಿ ತುರುಕುತ್ತಿದ್ದದ್ದು ಆ ಮುಂಜಾನೆಯ ಚಳಿಯ ಬಾಯಿಗೆ ಎಂದು ಆಗ ಕಂಡಿತು. ಅದರ ಮುಂದೆ ತಂಬಿಗೆ ಹಿಡಿದು ವಾದ ಮಾಡಿ ಪ್ರಯೋಜನ ಇರಲಿಲ್ಲ. ಕೆಳಗೆ ಕೆಂಡ ಸಣ್ಣಗೆ ಸದ್ದು ಮಾಡುತ್ತಿತ್ತು.

"ತಾಂಬಾದಾಗ ನನ್ನ ಹಡದಾಗ," ಎಂದೆ, "ಹೊಗಿ ಎಲ್ಲಿಂದ ಹೊರಗ ಹೋಗ್ತಿತ್ತು?"

"ಎಲ್ಲಿಂದ ಅಂದ್ರ? ಬೆಳಕಿಂಡೀಲೆ."

"ಹಂಡೇದ ಹಬಿ?"

"ಅದೂ ಅಲ್ಲಿಂದನ."

"ಇಲ್ಲೆ ಎಲ್ಲಿಂದ ಹೋಗಬೇಕು?"

ಅವ್ವ ಮೇಲೆ ನೋಡಿದಳು. ಸ್ಲ್ಯಾಬು. ಈ ಮೂಲೆಯಿಂದ ಆ ಮೂಲೆಗೆ ನೋಡಿದಳು. ಕತ್ತು ಇಳಿಸಿ ಕಿಟಕಿಯ ಚಿಂದಿ, ಬಾಗಿಲ ಗೋಣಿತಟ್ಟು ನೋಡಿದಳು.

"ಈ ಮನಿಗೆ ಮೂಗ ಇಲ್ಲಲ್ಲ," ಎಂದಳು.

ಕಿಟಕಿ ತೆರೆಯಲಿಲ್ಲ. ನಾನು ಅಷ್ಟು ಕೇಳಲೂ ಇಲ್ಲ. ಎಲ್ಲಕ್ಕಿಂತ ಮೇಲಿನ ಸಾಲಿನ ಒಂದು ಗಾಜನ್ನು ತೆಗೆಯೋಣ, ಗಾಳಿ ತಲೆಯ ಮೇಲಿಂದ ಹೋಗುತ್ತದೆ, ಬೆಳಕಿಂಡಿಯ ಹಾಗೆ ಎಂದೆ. ಅವ್ವ ಹೊರಸಿನಲ್ಲಿ ತಾನೇ ಮಲಗಿ, ಗಾಳಿ ಎಲ್ಲಿ ಬೀಳುತ್ತದೆಂದು ಅಂದಾಜು ಮಾಡಿ, ಹೊರಸನ್ನು ಇನ್ನೊಂದು ಮೂಲೆಗೆ ಹಾಕಿಸಿ ಒಪ್ಪಿದಳು. ಭಾನುವಾರ ನಮ್ಮವರು ಸ್ಟೂಲು ಹತ್ತಿ ಮರದ ಪಟ್ಟಿಯ ಮೊಳೆ ಕಿತ್ತರು. ಗಾಜು ಇಡಿಯಾಗಿ ಕೈಗೆ ಬಂತು. ಆ ಮನೆ ಹಿಡಿದದ್ದೇ ಗಾಜಿಗಾಗಿ. ಅದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಟ್ರಂಕಿನ ಹಿಂದೆ ಇಟ್ಟೆ.

ಹಂಡೆ ಹಿತ್ತಲಿಗೆ ಹೋಯಿತು. ಅಜವಾನದ ಹೊಗೆ ನಿಂತಿತು. ಶೆಗಡಿಯನ್ನು ಮಾತ್ರ ಅವ್ವ ಬಿಡಲಿಲ್ಲ. ಹೊಗೆ ಪೂರ್ತಿ ಹೋಗಿ ಕೆಂಡ ಬೂದಿ ಹೊದ್ದ ಮೇಲೆ ಸಂಜೆ ಸ್ವಲ್ಪ ಹೊತ್ತು ಒಳಗೆ, ಮಲಗುವ ಮುಂಚೆ ಹೊರಗೆ. ಚಿಂದಿಗಳನ್ನು ಕಿತ್ತು ಸುಟ್ಟೆವು. ಬೆಳಿಗ್ಗೆ ಎದ್ದ ಕೂಡಲೇ ಗಾಜಿನ ನೀರನ್ನು ಒಣ ಅರಿವೆಯಿಂದ ಒರೆಸಿ ಆ ಅರಿವೆಯನ್ನು ಹೊರಗೆ ಹಿಂಡುವುದು. ಬಿಸಿಲು ಏರಿದ ಮೇಲೆ ನಾನು ಪಡಸಾಲೆಗೆ ಬಂದು ಕೂತು, ಒಳಕೋಣೆಯ ಕಿಟಕಿ ಬಾಗಿಲು ಎರಡನ್ನೂ ತೆರೆದಿಡುವುದು. ಹಾಸಿಗೆ ಬಿಸಿಲಿಗೆ. ಹೊರಸು, ಟ್ರಂಕು ಗೋಡೆಯಿಂದ ಒಂದು ಗೇಣು ದೂರ. ಗೋಡೆಯ ಬೂಸ್ಟನ್ನು ನಮ್ಮವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಅರಿವೆಯಿಂದ ಒರೆಸಿ, ಒಣಗಿದ ಮೇಲೆ ಎರಡು ಕೈ ಸುಣ್ಣ ಕೊಟ್ಟರು.

ಇನ್ನೊಂದು ನಾನೇ ಮಾಡಿದ್ದು. ಮಡಕೆಯಲ್ಲಿ ಅರಳದ ಸುಣ್ಣದ ಹರಳು ಹಾಕಿ ಕೋಣೆಯ ಮೂಲೆಯಲ್ಲಿಟ್ಟೆ. ಸುಣ್ಣ ನೀರು ಕುಡಿಯುತ್ತದೆ. ಯಾರೂ ಒಂದು ಹನಿ ಹಾಕಲಿಲ್ಲ. ಹರಳು ತಾನಾಗಿ ಬಿರಿದು, ಹಿಗ್ಗಿ, ಪುಡಿಯಾಯಿತು. ಅವ್ವ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಇಷ್ಟು ನೀರು ನಿನ್ನ ಎದೆಯೊಳಗೆ ಹೋಗುತ್ತಿತ್ತೇ ಎಂದಳು. ಇಷ್ಟೇ ಅಲ್ಲ ಎಂದೆ. ಪುಡಿಯನ್ನು ಚೆಲ್ಲಿ ಹೊಸ ಹರಳು ಹಾಕಿದೆವು. ಅದು ಪುಡಿಯಾಗಲು ಹೆಚ್ಚು ದಿನ ತೆಗೆದುಕೊಂಡಿತು.

ಸಿಳ್ಳು ಒಂದೇ ದಿನಕ್ಕೆ ನಿಲ್ಲಲಿಲ್ಲ. ಗುಳಿಗೆ ನುಂಗಿದೆ. ಗುಳಿಗೆಗೆ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಎಚ್ಚರವಾದಾಗ ಬೆಳಕಾಗಿತ್ತು. ಮಲಗಿಯೇ ಇದ್ದೆ. ಉಸಿರು ಬಿಟ್ಟು ಕೇಳಿದೆ. ಮತ್ತೆ ಬಿಟ್ಟು ಕೇಳಿದೆ. ಹೊರಗೆ ಯಾರದೋ ಎತ್ತಿನ ಗಂಟೆ ಮಾತ್ರ.

ಸುದ್ದಿ ಮಸೂತಿಗೆ ಹೋಯಿತು. ಅತ್ತೆ ಬಂದರು. ಕೂಸು ಅವರ ತೋಳಿನಲ್ಲಿತ್ತು, ದಪ್ಪಗಾಗಿತ್ತು. ಈ ಸಲ ಹೊಸ್ತಿಲು ದಾಟಿದರು. ತೆಗೆದ ಗಾಜಿನ ಖಾಲಿ ಜಾಗ ನೋಡಿದರು, ಸುಣ್ಣ ಬಳಿದ ಗೋಡೆ ನೋಡಿದರು. ಕೂಸನ್ನು ಕೊಡಲಿಲ್ಲ. ಅವ್ವನ ಕೈಗೂ ಕೊಡಲಿಲ್ಲ. ಅದನ್ನು ಬಗಲಲ್ಲಿ ಇಟ್ಟುಕೊಂಡೇ ನನ್ನ ಪಕ್ಕ ಕೂತು, ಬಾಗಿ, ನನ್ನ ಎದೆಗೆ ಕಿವಿ ಇಟ್ಟರು.

ಮದುವೆಯಾದಾಗಿನಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ತಲೆಗೂದಲಿನಲ್ಲಿ ಕೊಬ್ಬರಿ ಎಣ್ಣೆಯ, ಆಡಿನ ವಾಸನೆ ಇತ್ತು.

"ಉಸರು ತಗೋ," ಎಂದರು.

ತೆಗೆದುಕೊಂಡೆ.

"ಬಿಡು."

ಬಿಟ್ಟೆ.

"ಇನ್ನೊಮ್ಮಿ."

ಅವ್ವ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ಅತ್ತೆ ಬೆನ್ನಿಗೂ ಕಿವಿ ಇಟ್ಟು ಕೇಳಿದರು. ಯಾವ ಡಾಕ್ಟರೂ ಅಷ್ಟು ಹೊತ್ತು ಕೇಳಿರಲಿಲ್ಲ. ಆಮೇಲೆ ತಲೆ ಎತ್ತಿ, ಸೆರಗು ಸರಿಮಾಡಿಕೊಂಡು, ಕೂಸನ್ನು ನನ್ನ ಉಡಿಯಲ್ಲಿ ಹಾಕಿದರು.

"ಹಿಡಿ. ಆಡಿನ ಹಾಲು ರೂಢಿ ಆಗೇತಿ. ನೀರ ಬೆರಸೇನಿ," ಎಂದರು. ಕೊನೆಯ ಮಾತು ಹೇಳುವಾಗ ಅವ್ವನ ಕಡೆ ನೋಡಿದರು.

ಕೂಸು ನನ್ನ ಮುಖ ನೋಡಿತು. ಗುರುತು ಹಿಡಿಯಲಿಲ್ಲ. ಅತ್ತೆಯ ಸೆರಗಿನ ಕಡೆ ಕತ್ತು ತಿರುಗಿಸಿ ತುಟಿ ಕೊಂಕಿಸಿತು. ಎದೆಗೆ ಹಿಡಿದೆ. ಬಾಯಿ ಹಾಕಿ, ಏನೂ ಸಿಗದೆ ಬಿಟ್ಟಿತು. ಹಾಲು ಮತ್ತೆ ಬರಲಿಲ್ಲ. ಅಲ್ಲಿ ಅಳು ಬರಬಹುದೆಂದುಕೊಂಡೆ. ಆಗಲೂ ಬರಲಿಲ್ಲ. ಆದರೆ ಕೂಸಿನ ಭಾರ ತೊಡೆಗೆ ತಿಳಿಯಿತು. ಜೋಮು ಹಿಡಿದ ಕಾಲಿಗೆ ಮೊದಲು ಬರುವುದು ನೋವಲ್ಲ, ಭಾರ.

ಒಂದು ವರ್ಷವಾಯಿತು. ಮತ್ತೆ ಚಳಿಗಾಲ ಬಂದಿದೆ. ದಮ್ಮು ಹೋಗಿಲ್ಲ. ಸುಗ್ಗಿಯಲ್ಲಿ ಜೋಳದ ರಾಶಿಯ ಧೂಳಿಗೆ ಒಮ್ಮೆ ಬಂದಿತ್ತು, ಮಳೆಗಾಲದಲ್ಲಿ ಇನ್ನೊಮ್ಮೆ. ಗುಳಿಗೆಯ ಡಬ್ಬಿ ಶಾಲೆಯ ಚೀಲದಲ್ಲಿ ಸದಾ ಇರುತ್ತದೆ. ಇದು ಇರುತ್ತದೆ, ಇದರ ಜೊತೆ ನಾನೂ ಇರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಫೋಟೋವನ್ನು ಚೌಕಟ್ಟಿನಿಂದ ಬಿಚ್ಚಿ ಒಣಗಿಸಿ ಪಡಸಾಲೆಗೆ ಹಾಕಿದ್ದೇವೆ. ಗಲ್ಲದ ಚುಕ್ಕೆ ಹಾಗೇ ಇವೆ. ಮೇಲಿನ ಗಾಜು ಇನ್ನೂ ಟ್ರಂಕಿನ ಹಿಂದೆ ಪತ್ರಿಕೆಯಲ್ಲಿದೆ. ಮಾಲಕರು ಒಮ್ಮೆ ಕೇಳಿದರು. ಮನೆ ಬಿಡುವಾಗ ಕೂಡಿಸಿ ಕೊಡುತ್ತೇನೆ ಎಂದೆ.

ಮೊನ್ನೆ ಅವ್ವ ತಾಂಬಾದಿಂದ ಬಂದಿದ್ದಳು. ಬೆಳಿಗ್ಗೆ ಎದ್ದವಳೇ ಹಳೇ ರೂಢಿಯಂತೆ ಕಿಟಕಿಯ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಆಡಿಸಿದಳು. ಕೈ ತಿರುಗಿಸಿ ನನಗೆ ತೋರಿಸಿದಳು. ಒಣ ಅಂಗೈ. ಒಲೆಯ ಕಡೆ ಹೋದಳು.

ಮಗಳು ಈಗ ಹಿಡಿದು ನಿಲ್ಲುತ್ತಾಳೆ. ನಾನು ಶಾಲೆಗೆ ಹೊರಡುವ ಹೊತ್ತಿಗೆ ಕಿಟಕಿಯ ಕೆಳಗಿನ ಗಾಜಿಗೆ ಮೂಗು ಒತ್ತಿ ಹೊರಗೆ ನೋಡುತ್ತ ನಿಂತಿರುತ್ತಾಳೆ. ಅವಳ ಉಸಿರಿಗೆ ಗಾಜಿನ ಮೇಲೆ ಅಂಗೈಯಷ್ಟು ಮಂಜು ಮೂಡುತ್ತದೆ. ಚೀಲ ಹೆಗಲಿಗೆ ಹಾಕಿಕೊಂಡು, ಅದು ಏನಾಗುತ್ತದೆ ಎಂದು ನೋಡುತ್ತೇನೆ. ಅಂಚಿನಿಂದ ಸಣ್ಣದಾಗುತ್ತ ಬಂದು, ಯಾರೂ ಒರೆಸದೆ, ತಾನೇ ಆರಿಹೋಗುತ್ತದೆ.

ಆಮೇಲೆ ಹೊರಡುತ್ತೇನೆ.